ರಾಷ್ಟ್ರನಾಯಕ ಎಸ್. ನಿಜಲಿಂಗಪ್ಪನವರು

ಚಿತ್ರದುರ್ಗದಿಂದ ಚಳ್ಳಕೆರೆ, ತಳಕುಗಳನ್ನು ಹಾದು ಬಳ್ಳಾರಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಇಂದು ಪಯಣಿಸುವವರಿಗೆ ಮದರಾಸಿನ ಗಡಿ ಎದುರಾಗುವುದಿಲ್ಲ. ೧೯೫೩ರ ಸೆಪ್ಟೆಂಬರ್ ತಿಂಗಳು ಮುಗಿಯುವವರೆಗೆ ಹಾಗಿರಲಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಅಂಚನ್ನು ದಾಟಿದೊಡನೆ ಮೈಸೂರು ಮುಗಿದು ಮದರಾಸು ಆರಂಭವಾಗುತ್ತಿತ್ತು. ಆಚೆಯ ಹೊಲದಲ್ಲಿಯೂ ಶೇಂಗಾ, ಈಚೆಯ ಹೊಲದಲ್ಲಿಯೂ ಶೇಂಗಾ; ಆಚೆಯವರೂ ಮಳೆಗಾಗಿ ಮುಗಿಲು ನೋಡುವವರೇ, ಈಚೆಯವರೂ ಅಂತಹವರೇ. ಹೆಣ್ಣು ಕೊಟ್ಟು ತರುವ ಬಾಂಧವ್ಯ ಗಡಿಯನ್ನು ಲೆಕ್ಕಿಸದೆ ನಡೆದಿತ್ತು. ಆದರೆ ಕಂದಾಯ, ಕಚೇರಿ, ಕಾಯಿದೆ, ಶಾಲೆಯ ಪಠ್ಯಪುಸ್ತಕ ಎಲ್ಲವೂ ಬೇರೆ ಬೇರೆ. ಕನ್ನಡಕ್ಕೆ ತಳುಕಿನ ವೆಂಕಣ್ಣಯ್ಯನವರಂತಹ ಆಚಾರ್ಯರನ್ನು ಕೊಟ್ಟ ಈ ಸೀಮೆಯ ಪಾಲಿಗೆ ಕನ್ನಡ ನಾಡಿನ ಒಡಕು ಭೂಪಟದ ಮಾತಾಗಿರಲಿಲ್ಲ, ನಿತ್ಯದ ಅನುಭವವಾಗಿತ್ತು.

ಈ ಗಡಿಯ ಆಚೆ ಹುಟ್ಟಿ, ಈಚೆ ಬದುಕನ್ನು ಕಟ್ಟಿಕೊಂಡು, ಕಡೆಗೆ ಆ ಗಡಿಯನ್ನೇ ಅಳಿಸುವ ಕಾರ್ಯದಲ್ಲಿ ಮುಂದಾಳಾದವರು ಶ್ರೀ ಎಸ್. ನಿಜಲಿಂಗಪ್ಪನವರು. ಲೋಕಸಭೆಗೆ ಚಿತ್ರದುರ್ಗದ ಮೊದಲ ಪ್ರತಿನಿಧಿ, ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿ, ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷ ಎಂಬ ಮೂರು ಸ್ಥಾನಗಳಲ್ಲಿ ಅವರ ಹೆಸರು ಇತಿಹಾಸದಲ್ಲಿ ನಿಂತಿದೆ. ಮೊದಲೆರಡು ಸ್ಥಾನಗಳು ಅವರಿಗೆ ಕೀರ್ತಿಯನ್ನು ತಂದವು. ಮೂರನೆಯದು ತಂದದ್ದು ಬಹುತೇಕ ನೋವನ್ನೇ.

ನಿಜಲಿಂಗಪ್ಪನವರು ಜನಿಸಿದ್ದು ೧೯೦೨ರ ಡಿಸೆಂಬರ್ ೧೦ರಂದು, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ. ಆಗ ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಎಳೆಯ ವಯಸ್ಸಿನಲ್ಲಿಯೇ ತಂದೆಯವರನ್ನು ಕಳೆದುಕೊಂಡ ಬಾಲಕನಿಗೆ ತಾಯಿ ನೀಲಮ್ಮನವರೇ ಆಸರೆಯಾದರು. ದಾವಣಗೆರೆಯಲ್ಲಿ ಹಳೆಯ ಪದ್ಧತಿಯ ಗುರುಗಳಲ್ಲಿ ಅಕ್ಷರಾಭ್ಯಾಸ ನಡೆಯಿತು. ಬಸವಾದಿ ಶರಣರ ವಚನಗಳು, ಶಂಕರಾಚಾರ್ಯರ ಗ್ರಂಥಗಳು, ಅನಂತರ ಗಾಂಧೀಜಿಯವರ ಬರಹಗಳು ಅವರ ಮನಸ್ಸನ್ನು ರೂಪಿಸಿದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ೧೯೨೪ರಲ್ಲಿ ಪದವಿ ಪಡೆದು, ಪುಣೆಯ ಕಾನೂನು ಕಾಲೇಜಿನಿಂದ ೧೯೨೬ರಲ್ಲಿ ವಕೀಲಿ ಪರೀಕ್ಷೆಯನ್ನು ಮುಗಿಸಿ, ಚಿತ್ರದುರ್ಗಕ್ಕೆ ಬಂದು ನೆಲೆಸಿದರು. ಹೀಗೆ ಮೂವತ್ತು ವರ್ಷ ತುಂಬುವುದರೊಳಗೆ ಮದರಾಸು, ಮೈಸೂರು, ಮುಂಬಯಿ ಎಂಬ ಮೂರು ಆಡಳಿತಗಳ ನೆಲದಲ್ಲಿ ಅವರು ಬಾಳಿ ನೋಡಿದ್ದರು.

ಚಿತ್ರದುರ್ಗದ ನ್ಯಾಯಾಲಯದಲ್ಲಿ ಕೈತುಂಬ ಕೆಲಸವಿದ್ದ ವಕೀಲರು ರಾಜಕಾರಣಕ್ಕೆ ಬಂದದ್ದು ಒಮ್ಮೆಗೇ ಅಲ್ಲ. ಸೇವಾದಳದ ಡಾಕ್ಟರ್ ಎನ್. ಎಸ್. ಹರ್ಡೀಕರರ ಸಂಪರ್ಕ ಅವರನ್ನು ಮೊದಲು ಸ್ವಯಂಸೇವಕರನ್ನಾಗಿ ಮಾಡಿತು. ೧೯೩೮ರಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡೇಟು ಬಿದ್ದ ಮೇಲೆ, ಮೈಸೂರು ಸಂಸ್ಥಾನದ ಶಾಂತ ವಾತಾವರಣ ಕದಡಿಹೋಯಿತು. ಮರುವರ್ಷ ಅದು ದುರ್ಗದ ಸೀಮೆಗೂ ಬಂತು. ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದುರುಳಿಸುವ ಸತ್ಯಾಗ್ರಹಕ್ಕೆ ನಿಜಲಿಂಗಪ್ಪನವರು ಮುಂದಾದರು. ಈಚಲು ಮರವೆಂದರೆ ಹೆಂಡ. ಹೆಂಡವೆಂದರೆ ಬಡವನ ಮನೆಯ ನಾಶ ಮತ್ತು ಸರ್ಕಾರದ ಬೊಕ್ಕಸಕ್ಕೆ ಅಬಕಾರಿಯ ಹಣ. ಒಂದು ಕೊಡಲಿಯೇಟಿನಲ್ಲಿ ಎರಡಕ್ಕೂ ಉತ್ತರ ಕೊಡುವ ಈ ಚಳವಳಿಯ ಅರ್ಥವನ್ನು ಹಳ್ಳಿಯ ಜನ ಬಹು ಬೇಗ ತಿಳಿದುಕೊಂಡರು. ಸಭೆಯಲ್ಲಿ ಕುಳಿತು ಭಾಷಣ ಕೇಳಿದ್ದವರು ಕೊಡಲಿ ಹಿಡಿದು ಹೊರಟರು. ನಿಜಲಿಂಗಪ್ಪನವರಿಗೆ ಸೆರೆಮನೆ ಪ್ರಾಪ್ತವಾಯಿತು. ೧೯೪೨ರ ಚಲೇಜಾವ್ ಚಳವಳಿಯಲ್ಲಿ ಅದು ಮತ್ತೆ ಮರುಕಳಿಸಿತು.

೧೯೪೫ರ ಹೊತ್ತಿಗೆ ಅವರು ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. ೧೯೪೬ರಲ್ಲಿ ಕರ್ನಾಟಕ ಪ್ರಾಂತಿಕ ಕಾಂಗ್ರೆಸ್ ಸಮಿತಿಯ ಅಧ್ಯಕ್ಷತೆ ಅವರಿಗೆ ಬಂತು. ಈ ಎರಡೂ ಒಂದೇ ಸಂಸ್ಥೆಯೆಂದು ಇಂದಿನವರು ಭಾವಿಸುವ ಸಂಭವವಿದೆ. ಸಂಸ್ಥಾನದ ಕಾಂಗ್ರೆಸ್ಸಿನ ದಾರಿ ಬೇರೆ, ಮುಂಬಯಿ ಕರ್ನಾಟಕದಲ್ಲಿ ಬೇರುಬಿಟ್ಟಿದ್ದ ಪ್ರಾಂತಿಕ ಕಾಂಗ್ರೆಸ್ಸಿನ ದಾರಿ ಬೇರೆ. ನಾಗಪುರದ ೧೯೨೦ರ ಅಧಿವೇಶನದ ತರುವಾಯ ಕಾಂಗ್ರೆಸ್ಸು ಭಾಷೆಯ ಆಧಾರದ ಮೇಲೆ ತನ್ನ ಪ್ರಾಂತಗಳನ್ನು ರಚಿಸಿಕೊಂಡದ್ದರಿಂದ, ಸರ್ಕಾರದ ಭೂಪಟದಲ್ಲಿ ಇಲ್ಲದ ಕರ್ನಾಟಕವು ಕಾಂಗ್ರೆಸ್ಸಿನ ಕಡತದಲ್ಲಿ ಆಗಲೇ ಇತ್ತು. ಎರಡೂ ಕಡೆಯ ವಿಶ್ವಾಸವನ್ನು ಗಳಿಸಿದ ಕೆಲವೇ ನಾಯಕರಲ್ಲಿ ನಿಜಲಿಂಗಪ್ಪನವರು ಒಬ್ಬರು. ಹುಬ್ಬಳ್ಳಿ ಧಾರವಾಡದವರು ಅವರನ್ನು ಪರಕೀಯರೆಂದು ಎಣಿಸಲಿಲ್ಲ. ಅವರು ದುರ್ಗವನ್ನು ಬಿಟ್ಟುಕೊಡಲೂ ಇಲ್ಲ. ಸಂವಿಧಾನ ರಚನಾ ಸಭೆಯ ಸದಸ್ಯರಾಗಿ ದೆಹಲಿಯ ಪರಿಚಯವೂ ಅವರಿಗೆ ಆದದ್ದು ಇದೇ ಅವಧಿಯಲ್ಲಿ.

೧೯೫೨ರಲ್ಲಿ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ. ಚಿತ್ರದುರ್ಗ ಕ್ಷೇತ್ರದಿಂದ ಅವರು ಲೋಕಸಭೆಗೆ ಆಯ್ಕೆಯಾದರು. ಆ ಲೋಕಸಭೆಯ ನಾಲ್ಕು ವರ್ಷಗಳಲ್ಲಿ ಕನ್ನಡಿಗರಿಗೆ ಸಂಬಂಧಿಸಿದಂತೆ ಇದ್ದ ದೊಡ್ಡ ಪ್ರಶ್ನೆ ಒಂದೇ. ಪೊಟ್ಟಿ ಶ್ರೀರಾಮುಲು ಅವರ ಬಲಿದಾನದ ಅನಂತರ ಆಂಧ್ರ ರಾಜ್ಯದ ರಚನೆ ನಿಶ್ಚಯವಾಯಿತು. ಬಳ್ಳಾರಿ ಜಿಲ್ಲೆಯನ್ನು ಏನು ಮಾಡಬೇಕೆಂಬ ವಿವಾದ ಎದ್ದಿತು. ೧೯೫೩ರ ಅಕ್ಟೋಬರ್ ೧ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ಮೊದಲಾದ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಹರಪನಹಳ್ಳಿಯೂ ಬಂತು. ನಿಜಲಿಂಗಪ್ಪನವರ ಹುಟ್ಟೂರು ಮತ್ತು ಅವರು ನೆಲೆಸಿದ ಊರು ಹೀಗೆ ಅವರ ಐವತ್ತೊಂದನೆಯ ವಯಸ್ಸು ತುಂಬುವ ಮುನ್ನ ಒಂದೇ ರಾಜ್ಯದೊಳಗೆ ಸೇರಿದವು. ಆದರೆ ಮೊಳಕಾಲ್ಮೂರಿನವರ ನೆರೆಯ ಪೇಟೆಯಾದ ರಾಯದುರ್ಗ ಅನ್ಯರಾಜ್ಯಕ್ಕೆ ಸೇರಿಹೋಯಿತು. ಆ ಕೊರಗು ಈ ಭಾಗದಲ್ಲಿ ಬಹುಕಾಲ ಉಳಿಯಿತು.

ಆ ವರ್ಷದ ಇನ್ನೊಂದು ಘಟನೆಯನ್ನು ಮರೆಯುವಂತಿಲ್ಲ. ಆಂಧ್ರಕ್ಕೆ ರಾಜ್ಯ ದೊರೆತು ಕರ್ನಾಟಕಕ್ಕೆ ದೊರೆಯದೆ ಹೋದದ್ದರಿಂದ ಜನ ಕೆರಳಿದ್ದರು. ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೈಗೊಂಡಿದ್ದರು. ಏಪ್ರಿಲ್ ೧೯ರಂದು ಹುಬ್ಬಳ್ಳಿಯಲ್ಲಿ ಪ್ರಾಂತಿಕ ಕಾಂಗ್ರೆಸ್ ಸಮಿತಿ ಸಭೆ ಸೇರಿದಾಗ ಜನಸ್ತೋಮ ಕಾಂಗ್ರೆಸ್ ನಾಯಕರ ವಿರುದ್ಧವೇ ತಿರುಗಿಬಿತ್ತು. ಏಕೀಕರಣವನ್ನು ಮನಸಾರೆ ಬಯಸುತ್ತಿದ್ದ ಸಮಿತಿಯ ಅಧ್ಯಕ್ಷರು ಅಂದು ಅದೇ ಏಕೀಕರಣದ ಹೆಸರಿನಲ್ಲಿ ಜನರ ಕೋಪವನ್ನು ಎದುರಿಸಬೇಕಾಯಿತು. ಪಕ್ಷದ ಶಿಸ್ತನ್ನು ಮೀರದೆ ದೆಹಲಿಯ ಮನವೊಲಿಸಬೇಕೆಂಬುದು ಅವರ ಮಾರ್ಗ. ರಾಜೀನಾಮೆ ಕೊಟ್ಟು ಹೊರಬರಬೇಕೆಂಬುದು ಜನರ ಒತ್ತಾಯ. ಅವರ ಮಾರ್ಗ ನಿಧಾನವಾದದ್ದು ನಿಜ. ಆದರೆ ಬೀದಿಯ ಆ ಬಿಸಿಯಿಲ್ಲದೆ ಆ ನಿಧಾನ ಮಾರ್ಗವೂ ಗುರಿ ಮುಟ್ಟುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು.

ಫಜಲ್ ಅಲಿ ಆಯೋಗವು ೧೯೫೫ರ ಸೆಪ್ಟೆಂಬರ್ ಕೊನೆಯಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಕನ್ನಡ ಪ್ರದೇಶಗಳು ಒಂದಾಗಬೇಕೆಂದು ಅದು ಹೇಳಿತಾದರೂ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ತುಂಗಭದ್ರಾ ಯೋಜನೆಯ ನಿಮಿತ್ತ ಆಂಧ್ರಕ್ಕೆ ವರ್ಗಾಯಿಸಬೇಕೆಂಬ ಶಿಫಾರಸನ್ನೂ ಮಾಡಿತು. ಅದು ಜಾರಿಗೆ ಬಂದಿದ್ದರೆ ಮೊಳಕಾಲ್ಮೂರು ತಾಲ್ಲೂಕು ಬಹುಪಾಲು ಅನ್ಯರಾಜ್ಯದ ಮಡಿಲಲ್ಲಿ ಸಿಕ್ಕಿಬೀಳುತ್ತಿತ್ತು. ಪಕ್ಷಭೇದವಿಲ್ಲದೆ ಕನ್ನಡಿಗರು ಇದನ್ನು ವಿರೋಧಿಸಿದರು. ಕೇಂದ್ರ ಸರ್ಕಾರ ಆ ಶಿಫಾರಸನ್ನು ಕೈಬಿಟ್ಟಿತು.

ಹಳೆಯ ಮೈಸೂರಿನೊಳಗಿನ ವಿರೋಧ ಇನ್ನೊಂದು ಬಗೆಯದು. ಅಭಿವೃದ್ಧಿ ಹೊಂದಿದ ಮೈಸೂರಿನ ಹಣ ಹಿಂದುಳಿದ ಉತ್ತರಕ್ಕೆ ಹರಿದುಹೋದೀತೆಂದು ಕೆಲವರು ಆತಂಕಪಟ್ಟರು. ಹೊಸ ರಾಜ್ಯದಲ್ಲಿ ವೀರಶೈವ ಲಿಂಗಾಯತರ ಸಂಖ್ಯಾಬಲ ಹೆಚ್ಚಿ ಒಕ್ಕಲಿಗ ಸಮಾಜದ ಪ್ರಾಧಾನ್ಯ ಕುಗ್ಗುವುದೆಂಬ ಶಂಕೆ ಇನ್ನು ಕೆಲವರದು. ನಿಜಲಿಂಗಪ್ಪನವರು ಲಿಂಗಾಯತರಾದ್ದರಿಂದ ಅವರ ಏಕೀಕರಣನಿಷ್ಠೆಯನ್ನೂ ಆ ದೃಷ್ಟಿಯಿಂದಲೇ ನೋಡಿದವರುಂಟು. ಒಕ್ಕಲಿಗ ಸಮಾಜದ ಪ್ರಬಲ ನಾಯಕರೂ ಮುಖ್ಯಮಂತ್ರಿಗಳೂ ಆಗಿದ್ದ ಕೆಂಗಲ್ ಹನುಮಂತಯ್ಯನವರು ತಮ್ಮ ಅಧಿಕಾರಕ್ಕೆ ಕುತ್ತು ಬಂದೀತೆಂದು ತಿಳಿದೂ ಏಕೀಕರಣದ ಪರ ನಿಂತದ್ದು ಈ ಶಂಕೆಗೆ ದೊರೆತ ಬಲವಾದ ಉತ್ತರ. ಏಕೀಕರಣದ ಯಶಸ್ಸನ್ನು ಒಬ್ಬರ ತಲೆಗೆ ಮಾತ್ರ ಕಿರೀಟವಾಗಿ ಕಟ್ಟುವುದು ನ್ಯಾಯವಲ್ಲ. ಹನುಮಂತಯ್ಯನವರ ಪಾಲನ್ನು ಮರೆತು ನಿಜಲಿಂಗಪ್ಪನವರನ್ನು ಹೊಗಳಿದರೆ ಆ ಹೊಗಳಿಕೆಯೂ ನಿಲ್ಲುವುದಿಲ್ಲ.

೧೯೫೬ರ ನವೆಂಬರ್ ೧ರಂದು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಬೆಂಗಳೂರಿನಲ್ಲಿ ಹೊಸ ರಾಜ್ಯವನ್ನು ಉದ್ಘಾಟಿಸಿದರು. ಹತ್ತೊಂಬತ್ತು ಜಿಲ್ಲೆಗಳ ಆ ರಾಜ್ಯಕ್ಕೆ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು, ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಮರುವರ್ಷದ ಚುನಾವಣೆಯಲ್ಲಿ ಅವರನ್ನು ವಿಧಾನಸಭೆಗೆ ಕಳುಹಿಸಿದ ಕ್ಷೇತ್ರ ಮೊಳಕಾಲ್ಮೂರು. ರೇಷ್ಮೆ ಸೀರೆಗೆ ಹೆಸರಾದ, ಮಳೆಗೆ ಹೆಸರಿಲ್ಲದ ಈ ಗಡಿತಾಲ್ಲೂಕು ಹೀಗೆ ಒಮ್ಮೆ ಮುಖ್ಯಮಂತ್ರಿಗಳ ಕ್ಷೇತ್ರವಾಗಿತ್ತು.

ಉತ್ಸವ ಮುಗಿದ ಮೇಲೆ ಉಳಿದದ್ದು ಕಡತಗಳ ರಾಶಿ. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂಬ ಐದು ಆಡಳಿತಗಳಿಂದ ಬಂದ ನೌಕರರಿಗೆ ಐದು ಬಗೆಯ ವೇತನಶ್ರೇಣಿಗಳು, ಐದು ಬಗೆಯ ಜ್ಯೇಷ್ಠತೆಯ ಪಟ್ಟಿಗಳು. ಬೀದರ್, ಗುಲ್ಬರ್ಗ, ರಾಯಚೂರುಗಳ ಕಚೇರಿಗಳಲ್ಲಿ ಉರ್ದುವಿನ ರೂಢಿ. ಬೆಳಗಾವಿಯಲ್ಲಿ ಮರಾಠಿಯ ಪ್ರಭಾವ. ದಕ್ಷಿಣ ಕನ್ನಡದಲ್ಲಿ ಮದರಾಸಿನ ಭೂಕಾಯಿದೆ. ಶಾಲೆಯ ತರಗತಿಗಳ ಲೆಕ್ಕವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿತ್ತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗವಾಗಿ ಬಂದ ಉಪಾಧ್ಯಾಯರಿಗೆ ಈ ತೊಡಕು ಎಷ್ಟಿತ್ತೆಂಬುದನ್ನು ಹಿರಿಯ ಶಿಕ್ಷಕರು ಬಲ್ಲರು. ಇವನ್ನೆಲ್ಲ ಸಮಗೊಳಿಸುವುದು ವರ್ಷಗಳ ಕೆಲಸ. ಚಪ್ಪಾಳೆ ಬೀಳುವ ಕೆಲಸವಲ್ಲ. ಭೂಸುಧಾರಣೆಯ ಕಾಯಿದೆಯನ್ನು ಏಕರೂಪಗೊಳಿಸಲು ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾದದ್ದು ಈ ಮೊದಲ ಅವಧಿಯಲ್ಲಿಯೇ. ಆದರೆ ಪಕ್ಷದೊಳಗಿನ ಗುಂಪುಗಾರಿಕೆ ಬೆಳೆದು ೧೯೫೮ರ ಮೇ ತಿಂಗಳಲ್ಲಿ ನಿಜಲಿಂಗಪ್ಪನವರು ಅಧಿಕಾರವನ್ನು ಬಿಡಬೇಕಾಯಿತು. ಅವರ ಸ್ಥಾನಕ್ಕೆ ಬಂದವರು ಜತ್ತಿಯವರೇ.

೧೯೬೨ರ ಚುನಾವಣೆ ಅವರ ಜೀವನದ ವಿಚಿತ್ರ ಅಧ್ಯಾಯ. ರಾಜ್ಯದಲ್ಲಿ ಕಾಂಗ್ರೆಸ್ಸು ಗೆದ್ದಿತು. ಅದರ ನಾಯಕರು ಸೋತರು. ಸೋತದ್ದು ದೂರದ ಕ್ಷೇತ್ರದಲ್ಲಿ ಅಲ್ಲ, ಸ್ವಂತ ಜಿಲ್ಲೆಯ ಹೊಸದುರ್ಗದಲ್ಲಿ, ಪ್ರಜಾಸಮಾಜವಾದಿ ಪಕ್ಷದ ಜಿ. ಟಿ. ರಂಗಪ್ಪನವರ ಎದುರಿಗೆ. ರಾಜ್ಯದ ನಾಯಕನೆಂಬ ಹೆಸರು ಊರಿನ ಮತಪೆಟ್ಟಿಗೆಯನ್ನು ತುಂಬುವುದಿಲ್ಲವೆಂಬುದನ್ನು ಹೊಸದುರ್ಗದ ಮತದಾರರು ತೋರಿಸಿಕೊಟ್ಟರು. ಆಗ ಹುನಗುಂದದ ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯ ಶಾಸಕ ಬಿ. ಟಿ. ಮುರನಾಳರು ತಮ್ಮ ಸ್ಥಾನವನ್ನು ತೆರವು ಮಾಡಿದರು. ಅಲ್ಲಿಂದ ನಿಜಲಿಂಗಪ್ಪನವರು ಆಯ್ಕೆಯಾದೊಡನೆ, ಜೂನ್ ತಿಂಗಳಲ್ಲಿ, ಕಂಠಿಯವರು ಅಧಿಕಾರವನ್ನು ಅವರ ಕೈಗೆ ಮರಳಿಸಿದರು. ಪಾದುಕೆಯನ್ನಿಟ್ಟು ರಾಜ್ಯವಾಳಿದ ಭರತನಿಗೆ ಜನ ಕಂಠಿಯವರನ್ನು ಹೋಲಿಸಿದರು. ರಾಜಕಾರಣದಲ್ಲಿ ಕೈಗೆ ಬಂದ ಗದ್ದುಗೆಯನ್ನು ಕೊಟ್ಟ ಮಾತಿನಂತೆ ಬಿಟ್ಟುಕೊಡುವವರು ಅಂದೂ ವಿರಳ. ಕಂಠಿಯವರ ಆ ನೂರು ದಿನಗಳು ನಿಜಲಿಂಗಪ್ಪನವರ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗದೆ ತಮ್ಮದೇ ಗೌರವಕ್ಕೆ ಅರ್ಹವಾಗಿವೆ.

೧೯೬೨ರಿಂದ ೧೯೬೮ರವರೆಗಿನ ಆರು ವರ್ಷಗಳೇ ಅವರ ಆಡಳಿತದ ಸಾರ. ೧೯೬೩ರ ರಾಜ್ಯಭಾಷಾ ಕಾಯಿದೆ ಕನ್ನಡವನ್ನು ಆಡಳಿತ ಭಾಷೆಯನ್ನಾಗಿ ಮಾಡಿತು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೂ ಕೃಷಿ ವಿಶ್ವವಿದ್ಯಾಲಯವೂ ಆರಂಭವಾದವು. ಅದೇ ವರ್ಷದ ಮೇ ೨೨ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಐದು ದಿನಗಳ ಅನಂತರ ನೆಹರೂ ನಿಧನರಾದರು, ಶಾಸ್ತ್ರಿಗಳು ಪ್ರಧಾನಿಯಾದರು. ಲಿಂಗನಮಕ್ಕಿಯ ಅಣೆಕಟ್ಟು ಎದ್ದು ಶರಾವತಿಯ ನೀರು ವಿದ್ಯುತ್ತಾಗಿ ರಾಜ್ಯದ ಕಾರ್ಖಾನೆಗಳಿಗೂ ಪಂಪುಸೆಟ್ಟುಗಳಿಗೂ ಹರಿಯಿತು. ಆ ಬೆಳಕಿಗಾಗಿ ಮಲೆನಾಡಿನ ಸಾವಿರಾರು ಕುಟುಂಬಗಳು ಮನೆ, ತೋಟ, ಗದ್ದೆಗಳನ್ನು ನೀರಿಗೆ ಒಪ್ಪಿಸಿ ಎದ್ದುಹೋದವು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳ ಅನಂತರವೂ ಇತ್ಯರ್ಥವಾಗಲಿಲ್ಲ. ಕೃಷ್ಣೆಯ ಕಥೆಯೂ ಹೀಗೆಯೇ. ನಿಜಲಿಂಗಪ್ಪನವರಿಗೆ ಆಪತ್ಕಾಲದಲ್ಲಿ ಆಸರೆಯಿತ್ತ ಬಾಗಲಕೋಟೆ ಪಟ್ಟಣದ ಒಂದು ಭಾಗ ಮುಂದೆ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಊರನ್ನು ಬೇರೆಡೆ ಕಟ್ಟಬೇಕಾಯಿತು. ಇಂದು ಅಲ್ಲಿಯ ವೈದ್ಯಕೀಯ ಕಾಲೇಜಿಗೆ ನಿಜಲಿಂಗಪ್ಪನವರ ಹೆಸರಿದೆ.

ಕೃಷ್ಣೆಗೆ, ಶರಾವತಿಗೆ ದೊರೆತ ಗಮನ ಅವರನ್ನು ಮೊದಲು ಗೆಲ್ಲಿಸಿದ ಬಯಲುಸೀಮೆಗೆ ದೊರೆಯಿತೇ ಎಂಬ ಪ್ರಶ್ನೆಯನ್ನು ಚಳ್ಳಕೆರೆ, ಮೊಳಕಾಲ್ಮೂರಿನವರು ಕೇಳಿದರೆ ತಪ್ಪಲ್ಲ. ವೇದಾವತಿ ಬತ್ತಿದ ನದಿ. ಮಳೆ ನೆರಳಿನ ಈ ತಾಲ್ಲೂಕುಗಳು ಕೆರೆ ಬಾವಿಗಳನ್ನೂ, ಅನಂತರ ಕೊಳವೆ ಬಾವಿಗಳನ್ನೂ ನಂಬಿ ಬದುಕಿದವು. ಭದ್ರೆಯ ನೀರನ್ನು ಮೇಲೆತ್ತಿ ಈ ಕಡೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆ ಕಾರ್ಯರೂಪಕ್ಕಿಳಿದದ್ದು ನಿಜಲಿಂಗಪ್ಪನವರ ಕಾಲಾನಂತರ. ಇಡೀ ರಾಜ್ಯದ ಮುಖ್ಯಮಂತ್ರಿ ಒಂದು ಜಿಲ್ಲೆಯ ಮುಖ್ಯಮಂತ್ರಿಯಾಗಬಾರದೆಂಬ ಅವರ ನಿಲುವನ್ನು ಮೆಚ್ಚಬಹುದು. ಆ ನಿಲುವಿನ ಬೆಲೆಯನ್ನು ತೆತ್ತವರು ಯಾರೆಂಬುದೂ ಲೆಕ್ಕದಲ್ಲಿರಬೇಕು.

ಟಿಬೆಟ್ಟಿನ ನಿರಾಶ್ರಿತರ ವಿಷಯವನ್ನು ಇಲ್ಲಿ ಹೇಳಬೇಕು. ಬೈಲುಕುಪ್ಪೆಯ ಮೊದಲ ವಸಾಹತು ರೂಪುಗೊಂಡಾಗ ಮುಖ್ಯಮಂತ್ರಿಗಳಾಗಿದ್ದವರು ಜತ್ತಿಯವರು. ಮುಂಡಗೋಡಿನ ವಸಾಹತು ೧೯೬೬ರಲ್ಲಿ, ನಿಜಲಿಂಗಪ್ಪನವರ ಆಡಳಿತದಲ್ಲಿ ಆರಂಭವಾಯಿತು. ನಾಡು ಕಳೆದುಕೊಂಡು ಬಂದವರಿಗೆ ಕನ್ನಡ ನಾಡಿನ ನೆಲವನ್ನು ಕೊಡಿಸುವಲ್ಲಿ ಅವರು ತೋರಿದ ಔದಾರ್ಯವನ್ನು ದಲಾಯಿ ಲಾಮಾ ಅವರು ಮರೆಯಲಿಲ್ಲ.

ಗಡಿಯ ಪ್ರಶ್ನೆ ಅವರನ್ನು ಬಿಡಲಿಲ್ಲ. ಮಹಾರಾಷ್ಟ್ರದ ಒತ್ತಡದಿಂದ ೧೯೬೬ರ ಅಕ್ಟೋಬರ್‌ನಲ್ಲಿ ಮಹಾಜನ ಆಯೋಗ ನೇಮಕವಾಯಿತು. ೧೯೬೭ರಲ್ಲಿ ಬಂದ ವರದಿ ಬೆಳಗಾವಿ ಮೈಸೂರಿನಲ್ಲಿಯೇ ಉಳಿಯಬೇಕೆಂದಿತು. ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದಿತು. ಮೈಸೂರು ಅದನ್ನು ಒಪ್ಪಿತು, ಮಹಾರಾಷ್ಟ್ರ ತಿರಸ್ಕರಿಸಿತು, ಕಾಸರಗೋಡು ಕೇರಳದಲ್ಲಿಯೇ ಉಳಿಯಿತು. ಆಯೋಗಕ್ಕೆ ಸಮ್ಮತಿಸಿದ್ದೇ ತಪ್ಪೆಂದು ಕೆಲವರು ಟೀಕಿಸಿದರು; ವಕೀಲರಾದ ಅವರಿಗೆ ನ್ಯಾಯಮೂರ್ತಿಯ ಮುಂದೆ ವಾದ ಮಂಡಿಸಲು ಹಿಂಜರಿಯುವುದು ಸರಿಕಾಣಲಿಲ್ಲ.

೧೯೬೭ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅನೇಕ ರಾಜ್ಯಗಳನ್ನು ಕಳೆದುಕೊಂಡಾಗ ಮೈಸೂರು ಉಳಿಯಿತು; ನಿಜಲಿಂಗಪ್ಪನವರು ಶಿಗ್ಗಾವಿಯಿಂದ ಗೆದ್ದಿದ್ದರು. ಕಾಮರಾಜರ ಅನಂತರ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿ ಅವರನ್ನು ಅರಸಿಬಂತು. ೧೯೬೮ರ ಜನವರಿಯಲ್ಲಿ ಹೈದರಾಬಾದಿನ ಅಧಿವೇಶನದಲ್ಲಿ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸ್ಥಾನವನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟು ದೆಹಲಿಗೆ ನಡೆದರು.

ದೆಹಲಿಯ ಆ ಎರಡು ವರ್ಷಗಳ ಬಗ್ಗೆ ಪರ ವಿರೋಧವಾಗಿ ಅಪಾರ ಬರಹ ಬಂದಿದೆ. ಕಾಮರಾಜ, ಸಂಜೀವ ರೆಡ್ಡಿ, ಎಸ್. ಕೆ. ಪಾಟೀಲ, ಅತುಲ್ಯ ಘೋಷ್ ಮೊದಲಾದ ಹಿರಿಯರ ಗುಂಪಿನಲ್ಲಿ ನಿಜಲಿಂಗಪ್ಪನವರೂ ಒಬ್ಬರು. ೧೯೬೬ರಲ್ಲಿ ಇಂದಿರಾ ಗಾಂಧಿಯವರನ್ನು ಪ್ರಧಾನಿಯನ್ನಾಗಿ ಮಾಡುವುದರಲ್ಲಿ ಈ ಗುಂಪಿನ ಕೈಯಿತ್ತು. ಮೂರೇ ವರ್ಷಗಳಲ್ಲಿ ಇಬ್ಬರ ದಾರಿಯೂ ಬೇರೆಯಾಯಿತು. ೧೯೬೯ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ನಿಧನರಾದರು. ಜುಲೈಯಲ್ಲಿ ಬೆಂಗಳೂರಿನ ಅಧಿವೇಶನದ ಸಂದರ್ಭದಲ್ಲಿ ಸಂಜೀವ ರೆಡ್ಡಿಯವರನ್ನು ಪಕ್ಷದ ಅಭ್ಯರ್ಥಿಯೆಂದು ನಿರ್ಧರಿಸಲಾಯಿತು. ಪ್ರಧಾನಿ ಮೊರಾರ್ಜಿ ದೇಸಾಯಿಯವರಿಂದ ಹಣಕಾಸಿನ ಖಾತೆಯನ್ನು ಕಿತ್ತುಕೊಂಡು, ಜುಲೈ ೧೯ರಂದು ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದರು. ಅದುವರೆಗೆ ಪಕ್ಷದೊಳಗಿನ ಜಗಳವಾಗಿದ್ದುದು ಬಡವರ ಪರ ಮತ್ತು ಸಿರಿವಂತರ ಪರ ಎಂಬ ಹೋರಾಟವಾಗಿ ಜನರ ಕಣ್ಣಿಗೆ ಕಂಡಿತು.

ಇಲ್ಲಿ ನಿಜಲಿಂಗಪ್ಪನವರು ಎಡವಿದರು. ಸಂಜೀವ ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ದೊರಕಿಸಲು ಅವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡರು. ಪಕ್ಷದ ಅಭ್ಯರ್ಥಿಗೆ ಮತ ಯಾಚಿಸುವುದು ಅಧ್ಯಕ್ಷನ ಕರ್ತವ್ಯವೆಂಬುದು ಅವರ ತರ್ಕ. ವಿರೋಧಿಗಳು ಅದನ್ನು ಬಲಪಂಥೀಯರೊಡನೆ ಒಳಸಂಚೆಂದು ಸಾರಿದರು. ಆತ್ಮಸಾಕ್ಷಿಯಂತೆ ಮತ ನೀಡಬೇಕೆಂಬ ಕರೆ ಹೊರಟಿತು, ವಿ. ವಿ. ಗಿರಿಯವರು ಗೆದ್ದರು. ಅನಂತರ ಪತ್ರಗಳ ಸಮರ. ನಿಯಮಾವಳಿಯ ಪ್ರಕಾರ ಅವರ ವಾದದಲ್ಲಿ ಬಲವಿತ್ತು: ಪಕ್ಷದ ಅಭ್ಯರ್ಥಿಯನ್ನು ಪಕ್ಷದ ಪ್ರಧಾನಿಯೇ ಸೋಲಿಸಬಹುದಾದರೆ ಪಕ್ಷಕ್ಕೆ ಅರ್ಥವೇನು? ಆದರೆ ನ್ಯಾಯಾಲಯದಲ್ಲಿ ಗೆಲ್ಲಬಹುದಾದ ವ್ಯಾಜ್ಯ ಬಯಲಿನ ಸಭೆಯಲ್ಲಿ ಸೋಲುತ್ತಿತ್ತು. ನವೆಂಬರ್ ೧೨ರಂದು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಹತ್ತು ದಿನಗಳೊಳಗೆ ಅವರ ಬೆಂಬಲಿಗರು ದೆಹಲಿಯಲ್ಲಿ ಸಭೆ ಸೇರಿ ನಿಜಲಿಂಗಪ್ಪನವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆದುಹಾಕಿದರು. ಎಂಬತ್ತನಾಲ್ಕು ವರ್ಷಗಳ ಸಂಸ್ಥೆ ಎರಡು ಹೋಳಾಯಿತು. ಹರಿದುಹೋದ ನಾಡನ್ನು ಹೊಲಿಯಲು ಹೆಣಗಿದವರ ಕಾಲದಲ್ಲಿಯೇ ಅವರ ಪಕ್ಷ ಹರಿದದ್ದು ವಿಧಿವಿಲಾಸ.

೧೯೭೧ರ ಲೋಕಸಭಾ ಚುನಾವಣೆಯಲ್ಲಿ ಸಂಸ್ಥಾ ಕಾಂಗ್ರೆಸ್ಸಿಗೆ ದೇಶದಲ್ಲಿ ದೊರೆತದ್ದು ಹದಿನಾರು ಸ್ಥಾನ. ಮೈಸೂರು ರಾಜ್ಯದ ಇಪ್ಪತ್ತೇಳು ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ವೀರೇಂದ್ರ ಪಾಟೀಲರ ಸರ್ಕಾರ ಬಿತ್ತು. ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವರಾಗಿದ್ದ ದೇವರಾಜ ಅರಸರು ೧೯೭೨ರಲ್ಲಿ ಮುಖ್ಯಮಂತ್ರಿಗಳಾಗಿ, ಅದುವರೆಗೆ ಅಧಿಕಾರದ ಹೊರಗಿದ್ದ ಹಿಂದುಳಿದ ವರ್ಗಗಳನ್ನು ಒಳಕ್ಕೆ ತಂದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ೧೯೭೩ರ ನವೆಂಬರ್ ೧ರಂದು ಬಂದಾಗ ಆ ಸಮಾರಂಭದ ಮುಖ್ಯಮಂತ್ರಿ ಅರಸರು. ಏಕೀಕರಣದ ಮೊದಲ ಮುಖ್ಯಮಂತ್ರಿಗೆ ತಾವು ಆಳಿದ ರಾಜ್ಯವನ್ನು ಆ ಹೆಸರಿನಿಂದ ಕರೆಯುವ ಯೋಗ ಅಧಿಕಾರದಲ್ಲಿದ್ದಾಗ ಒದಗಲಿಲ್ಲ.

ಅನಂತರದ ಸುಮಾರು ಮೂವತ್ತು ವರ್ಷಗಳನ್ನು ಅವರು ಬಹುಪಾಲು ಚಿತ್ರದುರ್ಗದಲ್ಲಿಯೇ ಕಳೆದರು. ದಿನಚರಿ ಬರೆಯುವ ಅಭ್ಯಾಸ ಅವರಿಗಿತ್ತು. ೧೯೬೯ರ ಘಟನೆಗಳನ್ನು ಬರೆಯುವ ಇತಿಹಾಸಕಾರರು ಆ ದಿನಚರಿಗಳನ್ನು ಮತ್ತೆ ಮತ್ತೆ ತೆರೆದಿದ್ದಾರೆ. ಪಕ್ಷಗಳು ಒಡೆದು ಕೂಡಿ ಮತ್ತೆ ಒಡೆಯುವುದನ್ನು ಅವರು ದೂರದಿಂದ ನೋಡಿದರು. ದೊಡ್ಡ ಹುದ್ದೆಗಳಿಂದ ಇಳಿದ ಮೇಲೆ ಸಣ್ಣ ಊರಿಗೆ ಮರಳಿ, ಮನೆಯ ಬಾಗಿಲಿಗೆ ಬಂದವರೊಡನೆ ಮಾತನಾಡುತ್ತ ಇದ್ದುಬಿಟ್ಟದ್ದು ಅವರ ಸಮಕಾಲೀನರಲ್ಲಿ ಎಲ್ಲರಿಗೂ ಸಾಧ್ಯವಾಗಲಿಲ್ಲ.

೨೦೦೦ದ ಆಗಸ್ಟ್ ೮ರಂದು, ತೊಂಬತ್ತೇಳನೆಯ ವಯಸ್ಸಿನಲ್ಲಿ, ಅವರು ಚಿತ್ರದುರ್ಗದಲ್ಲಿ ನಿಧನರಾದರು. ಊರ ಹೊರಗೆ, ರಾಷ್ಟ್ರೀಯ ಹೆದ್ದಾರಿಯ ಬದಿಯ ಸೀಬಾರದಲ್ಲಿ ಅವರ ಸ್ಮಾರಕವಿದೆ. ೨೦೧೧ರಲ್ಲಿ ಅದನ್ನು ಉದ್ಘಾಟಿಸಲು ದಲಾಯಿ ಲಾಮಾ ಅವರೇ ಬಂದಿದ್ದರು. ಹಲುವಾಗಲು ಗ್ರಾಮವಿರುವ ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು.